ಕೊಲೊನೊಸ್ಕೋಪಿಯಲ್ಲಿ ಪರದೆಯ ಹಸಿರು ಚೌಕವನ್ನು ಬಳಸುವ ಕ್ರಮ

ದೊಡ್ಡ ಕರುಳಿನ ಒಳಗೋಡೆಯಲ್ಲಿ 5 ಮಿ.ಮೀ.ಗಿಂತ ಚಿಕ್ಕದಾದ, ಚಪ್ಪಟೆ ಪಾಲಿಪ್‌ಗಳು (ಒಳಪೊರೆಯಲ್ಲಿ ಬೆಳೆಯುವ ಗಂಟುಗಳು) ಅನುಭವಿ ವೈದ್ಯರ ಕಣ್ಣಿಗೂ ತಪ್ಪಿಹೋಗಬಹುದು. ಕರುಳಿನೊಳಗೆ ಹಾಯಿಸುವ, ತುದಿಯಲ್ಲಿ ಕ್ಯಾಮೆರಾ ಇರುವ ನಳಿಕೆಯಾದ ಎಂಡೋಸ್ಕೋಪಿನ ವಿಡಿಯೊವನ್ನು ಕಂಪ್ಯೂಟರ್ ಆ ಕ್ಷಣದಲ್ಲೇ ಪರಿಶೀಲಿಸಿ, ಅನುಮಾನ ಬಂದ ಜಾಗದ ಸುತ್ತ ಪರದೆಯ ಮೇಲೆ ಹಸಿರು ಚೌಕ ಮೂಡಿಸುವ ವರ್ಧಿತ ವಾಸ್ತವದ ಸಾಧನಗಳು ಈಗ ಬಳಕೆಯಲ್ಲಿವೆ. ಜಿಐ ಜೀನಿಯಸ್ ಎಂಬ ಇಂಥ ಸಾಧನಕ್ಕೆ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರ ಏಪ್ರಿಲ್‌ನಲ್ಲಿ ಅನುಮತಿ ನೀಡಿತು. ಆದರೆ ಕ್ಯಾಮೆರಾ ಕಂಡದ್ದನ್ನು ಮಾತ್ರ ಸಾಧನ ಕಾಣುತ್ತದೆ ಎಂಬುದನ್ನು ಮೊದಲು ಮನಗಾಣಬೇಕು.

ಆದ್ದರಿಂದ ಕೆಲಸ ಆರಂಭವಾಗುವುದು ಕರುಳಿನ ಶುದ್ಧತೆಯಿಂದ. ಈ ಶುದ್ಧತೆಯನ್ನು ಅಳೆಯುವ ಬಾಸ್ಟನ್ ಮಾಪನದಲ್ಲಿ ಕರುಳಿನ ಮೂರು ಭಾಗಗಳಿಗೂ 0ಯಿಂದ 3ರವರೆಗೆ ಅಂಕ ಕೊಡಲಾಗುತ್ತದೆ. ಪ್ರತಿಯೊಂದು ಭಾಗಕ್ಕೂ ಕನಿಷ್ಠ 2 ಅಂಕ ಇರಬೇಕು. ರೋಗಿಯನ್ನು ಮಲಗಿಸುವ ಮೊದಲೇ ಚೌಕ ಸರಿಯಾಗಿ ಮೂಡುತ್ತಿದೆಯೇ ಎಂದು ನೋಡಿ, ಸಾಧನ ಕೈಕೊಟ್ಟರೆ ಮೂಲ ವಿಡಿಯೊಗೆ ಮರಳುವ ಬಗೆಯನ್ನು ತಂಡದವರೆಲ್ಲರಿಗೂ ತಿಳಿಸಿರಿ.

ಚೌಕದ ನಿಜವಾದ ಉಪಯೋಗವಾಗುವುದು ದೊಡ್ಡ ಕರುಳಿನ ಆರಂಭದ ಭಾಗವಾದ ಸೀಕಮ್ ತಲುಪಿ, ಅಪೆಂಡಿಕ್ಸಿನ ಬಾಯಿಯನ್ನು ಗುರುತಿಸಿ, ನಳಿಕೆಯನ್ನು ಹಿಂದಕ್ಕೆ ಎಳೆದುಕೊಳ್ಳುವಾಗ. ಬಯಾಪ್ಸಿಗೆ, ಅಂದರೆ ಪರೀಕ್ಷೆಗೆಂದು ಅಂಗಾಂಶದ ತುಣುಕು ತೆಗೆಯಲು ತಗಲುವ ಸಮಯವನ್ನು ಬಿಟ್ಟು, ಇದಕ್ಕೆ ಕನಿಷ್ಠ 6 ನಿಮಿಷವಾದರೂ ಮೀಸಲಿಡಬೇಕು. ಪ್ರತಿ ಮಡಿಕೆಯ ಹಿಂಬದಿಗೂ ನಳಿಕೆಯ ತುದಿಯನ್ನು ತಿರುಗಿಸಿ ನೋಡಿರಿ. ಅಲ್ಲಿ ಅವಿತಿರುವ ಪಾಲಿಪ್ ಕ್ಯಾಮೆರಾದ ಮುಂದೆ ಬರದಿದ್ದರೆ ಎಂಥ ಸಾಧನವೂ ಎಚ್ಚರಿಸುವುದಿಲ್ಲ.

ಚೌಕ ಮೂಡಿದ ಕೂಡಲೇ ನಳಿಕೆಯನ್ನು ನಿಲ್ಲಿಸಿರಿ. ನೊರೆಗುಳ್ಳೆ, ಮಲದ ತುಣುಕು, ಹೀರುವಿಕೆಯಿಂದ ಕೆಂಪಾದ ಜಾಗ, ಸುಕ್ಕುಗಟ್ಟಿದ ಮಡಿಕೆ, ಇವೆಲ್ಲವನ್ನೂ ಸಾಧನ ಪಾಲಿಪ್ ಎಂದು ಭಾವಿಸಬಹುದು. ಮೊದಲು ನೀರು ಹಾಯಿಸಿ ತೊಳೆಯಿರಿ, ಗಾಳಿ ತುಂಬಿ ಗೋಡೆಯನ್ನು ಹಿಗ್ಗಿಸಿರಿ, ಬಳಿಕ ಕೋನ ಬದಲಿಸಿ ನೋಡಿರಿ. ಕ್ಷಣಮಾತ್ರ ಮಿನುಗಿ, ತೊಳೆದಾಗ ಮಾಯವಾಗುವ ಚೌಕ ಸಾಮಾನ್ಯವಾಗಿ ಹುಸಿ. ಎರಡು ಮೂರು ಕೋನಗಳಿಂದಲೂ ಅದೇ ಜಾಗಕ್ಕೆ ಅಂಟಿಕೊಂಡಿದ್ದರೆ ಹತ್ತಿರ ಹೋಗಿ, ರಕ್ತನಾಳಗಳನ್ನು ಎದ್ದುಕಾಣಿಸುವ ನ್ಯಾರೋ ಬ್ಯಾಂಡ್ ಬೆಳಕಿನಲ್ಲಿ ಮೇಲ್ಮೈಯ ರಕ್ತನಾಳಗಳ ವಿನ್ಯಾಸವನ್ನು ಗಮನಿಸಿರಿ. ಪದೇ ಪದೇ ಬರುವ ಹುಸಿ ಎಚ್ಚರಿಕೆಗಳಿಂದ ಬೇಸತ್ತು ನಿಜವಾದ ಚೌಕವನ್ನೂ ಕಡೆಗಣಿಸುವುದೇ ಇಲ್ಲಿರುವ ದೊಡ್ಡ ಅಪಾಯವೆಂದು ನನ್ನ ಖಚಿತ ಅಭಿಪ್ರಾಯ.

ಚೌಕದ ಅಗಲವನ್ನು ಪಾಲಿಪ್‌ನ ಗಾತ್ರವೆಂದು ತಿಳಿಯಬಾರದು. ಗಾತ್ರವನ್ನು ಬಯಾಪ್ಸಿ ಇಕ್ಕಳದ ಬಾಯಿ ತೆರೆದು, ಪಕ್ಕದಲ್ಲಿ ಹಿಡಿದು ಅಂದಾಜಿಸುವುದು ಮೇಲು. ತೆಗೆಯಬೇಕೇ, ಬಿಡಬೇಕೇ ಎಂಬ ತೀರ್ಮಾನ ವೈದ್ಯರದೇ. ತೆಗೆದ ಅಂಗಾಂಶದ ಸ್ವರೂಪವನ್ನು ಪೆಥಾಲಜಿ ವರದಿ ಹೇಳುತ್ತದೆ. ಪರೀಕ್ಷೆಯ ವರದಿಯಲ್ಲಿ ಸಾಧನ ಬಳಸಿದ ಸಂಗತಿಯನ್ನೂ ಕರುಳಿನ ಶುದ್ಧತೆಯ ಅಂಕಗಳನ್ನೂ ದಾಖಲಿಸಿರಿ. ವಿಡಿಯೊವನ್ನು ತರಬೇತಿಗೆಂದು ಉಳಿಸಿಕೊಳ್ಳುವುದಾದರೆ ರೋಗಿಯ ಒಪ್ಪಿಗೆ ಪಡೆದು, ಪರದೆಯ ಮೂಲೆಯಲ್ಲಿರುವ ಹೆಸರು, ನೋಂದಣಿ ಸಂಖ್ಯೆಗಳನ್ನು ಅಳಿಸಿರಿ.