ಮೊದಲು ಗೆರೆ, ಆಮೇಲೆ ಸೂಜಿ

ಕೆನ್ನೆಯ ಮೇಲೆ ಮುತ್ತಿನ ಹಾಗೆ ಹೊಳೆಯುವ ಸಣ್ಣ ಗಂಟು. ಅದರ ಮೇಲೆ ಕವಲೊಡೆದ ಕೆಂಪು ರಕ್ತನಾಳಗಳು. ಬಯಾಪ್ಸಿಯಲ್ಲಿ ಬೇಸಲ್ ಸೆಲ್ ಕಾರ್ಸಿನೋಮ ಅಂತ ಬಂದಿತ್ತು. ಚರ್ಮದ ಕ್ಯಾನ್ಸರ್‌ಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವುದು ಇದೇ. ದೂರದ ಅಂಗಗಳಿಗೆ ಹರಡುವುದು ತೀರಾ ಅಪರೂಪ. ಆದರೆ ಇದ್ದಲ್ಲೇ, ಚರ್ಮದ ಅಡಿಯಲ್ಲಿ ಸದ್ದಿಲ್ಲದೆ ಹಬ್ಬುತ್ತದೆ. ಕಣ್ಣಿಗೆ ಕಾಣುವ ಅಂಚು ಒಂದು ಕಡೆ, ನಿಜವಾದ ಅಂಚು ಇನ್ನೊಂದು ಕಡೆ. ಈ ಅಂತರವನ್ನು ಆಪರೇಷನ್‌ಗೆ ಮೊದಲೇ ಅಲ್ಟ್ರಾಸೌಂಡ್‌ನಲ್ಲಿ ಹಿಡಿಯಲು ಆಗುತ್ತದಾ? ನನ್ನ ಅಧ್ಯಯನದ ಪ್ರಶ್ನೆ ಇಷ್ಟೇ.

ಹೊಟ್ಟೆ ನೋಡುವ ಪ್ರೋಬ್ (ಅಲ್ಟ್ರಾಸೌಂಡ್‌ನಲ್ಲಿ ಮೈಮೇಲೆ ಇಡುವ ಹಿಡಿಕೆ) ಇದಕ್ಕೆ ಸಾಲದು. ಅದರ ಅಲೆ ಆಳಕ್ಕೆ ಹೋಗುತ್ತದೆ, ಚರ್ಮದ ಸೂಕ್ಷ್ಮ ಮಾತ್ರ ತೋರಿಸುವುದಿಲ್ಲ. ನಾನು ಹಿಡಿದದ್ದು 20 ಮೆಗಾಹರ್ಟ್ಸ್ ದಾಟಿದ ಪ್ರೋಬ್. ಕೆಲವೇ ಮಿಲಿಮೀಟರ್ ಆಳ ಕಾಣುತ್ತದೆ, ಆದರೆ ಚೊಕ್ಕವಾಗಿ ಕಾಣುತ್ತದೆ. ಗಡ್ಡೆ ಕಪ್ಪಗೆ, ಸುತ್ತಲಿನ ಡರ್ಮಿಸ್, ಅಂದರೆ ಚರ್ಮದ ಒಳಪದರ, ಬೆಳ್ಳಗೆ.

ಶುರುವಿನಲ್ಲಿ ಒಂದೇ ಗಡ್ಡೆಯ ಅಳತೆ ಸಲಕ್ಕೊಂದು ಬರುತ್ತಿತ್ತು. ಯಂತ್ರ ಸರಿಯಾಗಿಯೇ ಇತ್ತು. ನನ್ನ ಕೈ ಒತ್ತುತ್ತಿತ್ತು. ಸ್ವಲ್ಪ ಒತ್ತಿದರೂ ಗಡ್ಡೆ ಚಪ್ಪಟೆಯಾಗಿ ದಪ್ಪ ಕಮ್ಮಿ ತೋರುತ್ತದೆ. ಆಮೇಲೆ ಜೆಲ್ ಧಾರಾಳವಾಗಿ ಹಾಕಿದೆ. ಕಿರುಬೆರಳನ್ನು ಕೆನ್ನೆಯ ಮೂಳೆಗೆ ಊರಿ, ಪ್ರೋಬನ್ನು ಜೆಲ್ ಮೇಲೆ ತೇಲಿಸುವುದನ್ನು ರೂಢಿ ಮಾಡಿಕೊಂಡೆ. ಪರದೆಯಲ್ಲಿ ಚರ್ಮದ ಮೇಲೆ ಜೆಲ್‌ನ ಕಪ್ಪು ಪಟ್ಟಿ ಕಾಣುತ್ತಿದ್ದರೆ ಕೈ ಹಗುರವಾಗಿದೆ ಅಂತ ಲೆಕ್ಕ. ಪಟ್ಟಿ ಮಾಯವಾದರೆ ಆ ಚಿತ್ರ ಬಿಟ್ಟು ಮತ್ತೆ ತೆಗೆಯುತ್ತಿದ್ದೆ.

ದೊಡ್ಡ ತಪ್ಪು ಆಗಿದ್ದು ಆಪರೇಷನ್ ಟೇಬಲ್ ಮೇಲೆ. ಒಬ್ಬರಿಗೆ ಮರಗಟ್ಟಿಸುವ ಸೂಜಿ ಕೊಟ್ಟ ಮೇಲೆ ಗೆರೆ ಎಳೆಯಲು ಹೋದೆ. ಔಷಧಿಯಲ್ಲಿ ಅಡ್ರಿನಲಿನ್ ಇತ್ತು. ರಕ್ತನಾಳಗಳು ಕುಗ್ಗಿ ಜಾಗ ಬಿಳುಚಿಕೊಂಡಿತು, ಚರ್ಮ ಉಬ್ಬಿತು, ಗಡ್ಡೆಯ ಅಂಚು ಎಲ್ಲಿ ಅಂತಲೇ ಗೊತ್ತಾಗದೆ ಹೋಯಿತು. ಹಿಂದೆ ತೆಗೆದ ಫೋಟೋ ಇದ್ದದ್ದಕ್ಕೆ ಬಚಾವಾದೆವು. ಆದರೆ ಅವರ ಅಂಚಿನ ಅಳತೆಯನ್ನು ಅಧ್ಯಯನದಿಂದ ಕೈಬಿಡಬೇಕಾಯಿತು. ಅವತ್ತಿನಿಂದ ಕ್ರಮ ಬದಲಾಗಿಲ್ಲ: ಬರಿಗಣ್ಣಿಗೆ ಕಂಡ ಅಂಚಿಗೆ ಒಂದು ಗೆರೆ, ಚರ್ಮವನ್ನು ದೊಡ್ಡದಾಗಿ ತೋರಿಸುವ ಡರ್ಮೋಸ್ಕೋಪ್‌ನಲ್ಲಿ ಕಂಡದ್ದಕ್ಕೆ ಚುಕ್ಕಿ, ಅಲ್ಟ್ರಾಸೌಂಡ್ ಅಂಚಿಗೆ ಇನ್ನೊಂದು ಬಣ್ಣ. ಫೋಟೋ. ಆಮೇಲೇ ಸೂಜಿ.

ಕತ್ತರಿಸಿ ತೆಗೆದ ಕೂಡಲೇ ಚರ್ಮ ತನ್ನಷ್ಟಕ್ಕೆ ಕುಗ್ಗುತ್ತದೆ. ಅಂದರೆ ಮೈಮೇಲೆ ಅಳೆದ ಮಿಲಿಮೀಟರ್ ಬೇರೆ, ಸೂಕ್ಷ್ಮದರ್ಶಕದಲ್ಲಿ ನೋಡುವ ಸ್ಲೈಡ್ ಮೇಲಿನ ಮಿಲಿಮೀಟರ್ ಬೇರೆ. ಇದನ್ನು ಲೆಕ್ಕಕ್ಕೆ ಹಿಡಿಯದೆ ಅಲ್ಟ್ರಾಸೌಂಡ್ ಜಾಸ್ತಿ ತೋರಿಸಿತು ಅಂತ ದೂರುವುದು ಸರಿಯಲ್ಲ, ಅಲ್ವಾ? ಹಾಗಾಗಿ ಕತ್ತರಿಸುವ ಮೊದಲು, ಕತ್ತರಿಸಿದ ಮೇಲೆ, ಎರಡೂ ಸಲ ಸ್ಕೇಲ್ ಇಟ್ಟು ಬರೆದುಕೊಂಡೆವು. ಯಾವ ಕಡೆ ಮೇಲೆ ಅಂತ ತಿಳಿಯಲು ತುಂಡಿನ 12 ಗಂಟೆಯ ದಿಕ್ಕಿಗೆ ಒಂದು ಹೊಲಿಗೆ, ಅಂಚುಗಳಿಗೆ ಬಣ್ಣ, ತುಂಡನ್ನು ಕಾರ್ಕ್ ಹಲಗೆಗೆ ಪಿನ್ ಮಾಡಿ, ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣಕ್ಕೆ. ಪ್ರೋಬ್ ಇಟ್ಟ ಗೆರೆಯ ಮೇಲೆಯೇ ಲ್ಯಾಬ್‌ನಲ್ಲೂ ಕುಯ್ಯಬೇಕು. ಇಲ್ಲದಿದ್ದರೆ ಚಿತ್ರಕ್ಕೂ ಸ್ಲೈಡಿಗೂ ಸಂಬಂಧವೇ ಇರುವುದಿಲ್ಲ.

ಮೂಗು, ಕಿವಿ, ಕಣ್ಣಿನ ರೆಪ್ಪೆಯ ಗಡ್ಡೆಗಳನ್ನು ಮೋಹ್ಸ್ ವಿಧಾನಕ್ಕೆ ಕಳಿಸಿದೆವು. ಫ್ರೆಡರಿಕ್ ಮೋಹ್ಸ್ 1930ರ ದಶಕದಲ್ಲಿ ಶುರು ಮಾಡಿದ ಈ ಪದ್ಧತಿಯಲ್ಲಿ ಪದರ ಪದರವಾಗಿ ತೆಗೆದು, ಇಡೀ ಅಂಚನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಬ್ರೆಡ್ ಹೋಳಿನ ಹಾಗೆ ಕುಯ್ಯುವ ಮಾಮೂಲಿ ವಿಧಾನದಲ್ಲಿ ಅಂಚಿನ 1 ಶೇಕಡಕ್ಕಿಂತ ಕಮ್ಮಿ ಭಾಗ ಕಣ್ಣಿಗೆ ಬೀಳುತ್ತದೆ.

ಸ್ಲೈಡ್ ನೋಡುವ ಪೆಥಾಲಜಿಸ್ಟ್‌ಗೆ ನಮ್ಮ ಅಲ್ಟ್ರಾಸೌಂಡ್ ಅಳತೆ ಹೇಳುತ್ತಿರಲಿಲ್ಲ. ಗೊತ್ತಿದ್ದರೆ ಯಾರ ಕಣ್ಣಾದರೂ ಆ ಕಡೆ ವಾಲುತ್ತದೆ. ಅಂಕಿ ಅಂಶದಲ್ಲಿ ಕೋರಿಲೇಷನ್ (ಎರಡು ಅಳತೆಗಳು ಒಟ್ಟಿಗೆ ಏರಿಳಿಯುತ್ತವಾ ಅನ್ನುವ ಲೆಕ್ಕ) ಒಂದನ್ನೇ ನಂಬಲಿಲ್ಲ. ಅಲ್ಟ್ರಾಸೌಂಡ್ ಪ್ರತಿ ಸಲ ಅರ್ಧ ಮಿಲಿಮೀಟರ್ ಜಾಸ್ತಿ ತೋರಿಸಿದರೂ ಕೋರಿಲೇಷನ್ ಚೆನ್ನಾಗಿಯೇ ಬರುತ್ತದೆ. ಸಂಖ್ಯಾಶಾಸ್ತ್ರಜ್ಞರಾದ ಬ್ಲಾಂಡ್ ಮತ್ತು ಆಲ್ಟ್‌ಮನ್ 1986ರಲ್ಲಿ ವಿವರಿಸಿದ ಹಾಗೆ ಎರಡು ಅಳತೆಗಳ ವ್ಯತ್ಯಾಸವನ್ನೇ ಗ್ರಾಫ್ ಮಾಡಿದಾಗ ನಮ್ಮ ದೋಷ ಯಾವ ಕಡೆಗಿದೆ ಅಂತ ಗೊತ್ತಾಯಿತು.

ಒಪ್ಪಿಗೆ ಪತ್ರ ಓದಿಸುವಾಗ ಒಬ್ಬ ಹಿರಿಯರು ಕೇಳಿದರು: "ಇದರಿಂದ ನನಗೇನು ಉಪಯೋಗ?" ಸುಮ್ನೆ ಆಸೆ ತೋರಿಸಲು ಮನಸ್ಸು ಬರಲಿಲ್ಲ. "ನಿಮ್ಮ ಆಪರೇಷನ್‌ನಲ್ಲಿ ಏನೂ ಬದಲಾಗಲ್ಲ, ಗಡ್ಡೆಯ ಸುತ್ತ 4 ಮಿಲಿಮೀಟರ್ ಒಳ್ಳೆಯ ಚರ್ಮವನ್ನೂ ಸೇರಿಸಿಯೇ ತೆಗೆಯುತ್ತೇವೆ" ಅಂದೆ. ಅಂಚು ಸ್ಪಷ್ಟವಿರುವ, 2 ಸೆಂಟಿಮೀಟರ್‌ಗಿಂತ ಸಣ್ಣ ಗಡ್ಡೆ ಹೀಗೆ ತೆಗೆದರೆ 100ರಲ್ಲಿ ಸುಮಾರು 95 ಪೂರ್ತಿ ಬರುತ್ತವೆ ಅಂತ 1987ರ ಅಧ್ಯಯನವೊಂದು ತೋರಿಸಿದೆ. ಪರೀಕ್ಷೆ ಮುಗಿಯದ ಚಿತ್ರವನ್ನು ನಂಬಿ ಆ 4 ಮಿಲಿಮೀಟರನ್ನು ಕಮ್ಮಿ ಮಾಡುವ ಹಕ್ಕು ನಮಗಿರಲಿಲ್ಲ. ಅವರು ಪತ್ರವನ್ನು ಮನೆಗೆ ಒಯ್ದು, ಮರುದಿನ ಸಹಿ ಹಾಕಿ ತಂದರು.

ಅವರ ಚಿತ್ರವೇ ನಮ್ಮನ್ನು ಎಡವಿಸಿತು. ಗಡ್ಡೆಯಿಂದ ಆಚೆಗೂ ಒಂದು ತೆಳು ಕಪ್ಪು ಪಟ್ಟಿ ಚಾಚಿತ್ತು. ಗಡ್ಡೆಯೇ ಹಬ್ಬಿದೆ ಅಂತ ಗುರುತು ಹಾಕಿದೆವು. ಸ್ಲೈಡ್‌ನಲ್ಲಿ ಅಲ್ಲಿ ಕ್ಯಾನ್ಸರ್ ಇರಲಿಲ್ಲ, ವರ್ಷಗಟ್ಟಲೆ ಬಿಸಿಲಿಗೆ ಹಾಳಾದ ನಾರುಗಳಿದ್ದವು. ಈಗ ಗಡ್ಡೆಗೆ ಪ್ರೋಬ್ ಇಡುವ ಮೊದಲು ಇನ್ನೊಂದು ಕೆನ್ನೆಯ ಅದೇ ಜಾಗ ನೋಡುತ್ತೇನೆ. ಅಲ್ಲೂ ಆ ಪಟ್ಟಿ ಇದ್ದರೆ, ಅದು ಬಿಸಿಲಿನದೇ ಇರಬಹುದು ಅಂತ ಹಾಳೆಯ ಮೇಲೆ ಮೊದಲೇ ಬರೆದಿಡುತ್ತೇನೆ.