ಬೇಸ್‌ಮೆಂಟಿನಲ್ಲಿ ಒಂದು ರೈಲು ಮಾರ್ಗ: ಗೆಳೆಯರ ಜೊತೆ ಓ ಗೇಜ್ ಮಾದರಿ ಕಟ್ಟಿ ಓಡಿಸುವುದು ಹೇಗೆ?

ಪೆನ್ಸಿಲ್ವೇನಿಯಾದ ನಮ್ಮ ಮನೆಯಲ್ಲಿ ದಸರೆಗೆ ಗೊಂಬೆ ಕೂರಿಸುತ್ತೇವೆ. ಮೆಟ್ಟಿಲುಗಳ ಕೆಳಗೆ ಮಕ್ಕಳು ಒಂದು ಊರು ಮಾಡುತ್ತಾರೆ. ಕೆರೆ, ಗುಡಿ, ಸಂತೆ, ರಾಗಿ ಮೊಳಕೆಯ ಹೊಲ. ಒಂದು ವರ್ಷ ಅದನ್ನು ನೋಡಲು ಬಂದ ಪಕ್ಕದ ಮನೆಯ ಹಿರಿಯರು ತುಂಬಾ ಹೊತ್ತು ಕೂತು ನೋಡಿ, "ಈ ಊರಿಗೆ ರೈಲು ಬರುವುದಿಲ್ಲವೇ?" ಎಂದು ಕೇಳಿದರು. ಮರುದಿನ ಒಂದು ರಟ್ಟಿನ ಪೆಟ್ಟಿಗೆ ತಂದರು. ಚಿಕ್ಕಂದಿನಲ್ಲಿ ಕ್ರಿಸ್‌ಮಸ್ ಮರದ ಸುತ್ತ ಅವರು ಓಡಿಸುತ್ತಿದ್ದ ಲಯನೆಲ್ ಕಂಪನಿಯ ಆಟಿಕೆ ರೈಲು ಅದರಲ್ಲಿತ್ತು. ಒಂಬತ್ತು ದಿನ ಅದು ನಮ್ಮ ಗೊಂಬೆಗಳ ಸುತ್ತ ತಿರುಗಿತು. ಈಗ ನಾವು ಐದು ಜನ ಗೆಳೆಯರು ತಿಂಗಳಿಗೆ ಎರಡು ಶನಿವಾರ ಸೇರಿ ರೈಲು ಓಡಿಸುತ್ತೇವೆ.

ನಾವು ಕಟ್ಟಿದ ಮೊದಲ ಮಾರ್ಗವನ್ನು ಒಂದೇ ವರ್ಷಕ್ಕೆ ಬಿಚ್ಚಿಹಾಕಿದೆವು. ಮೇಜಿನ ತುಂಬ ಹಳಿ ಹಾಕಿದ್ದೆವು, ಆದರೆ ಐದು ಜನ ನಿಲ್ಲಲು ಜಾಗವಿರಲಿಲ್ಲ, ಮಾಡಲು ಕೆಲಸವೂ ಇರಲಿಲ್ಲ. ಒಬ್ಬರು ಓಡಿಸಿದರೆ ನಾಲ್ಕು ಜನ ನೋಡುತ್ತ ನಿಲ್ಲಬೇಕಿತ್ತು. ಹಾಗಾಗಿ ಹಳಿಗಿಂತ ಮೊದಲು ಜನರನ್ನು ಲೆಕ್ಕ ಹಾಕಿ ಎಂದು ಹೇಳುತ್ತೇನೆ. ಮುಂದಿನ ಎಲ್ಲ ಹೆಜ್ಜೆಗಳೂ ಆ ಲೆಕ್ಕದ ಮೇಲೆ ನಿಂತಿವೆ.

ಓ ಗೇಜ್ ಅಂದರೆ ಯಾವುದು?

ಎರಡು ಹೊರ ಹಳಿಗಳ ನಡುವೆ ಸುಮಾರು 32 ಮಿಲಿಮೀಟರ್ ಅಂತರ ಇರುವ ಮಾದರಿ ಇದು. ಹಳೆಯ ಕಾಲದಲ್ಲಿ ಆಟಿಕೆ ರೈಲಿನ ಹಳಿಗಳಿಗೆ 1, 2, 3 ಎಂದು ನಂಬರ್ ಕೊಟ್ಟಿದ್ದರು. ಒಂದನೇ ನಂಬರಿಗಿಂತ ಚಿಕ್ಕ ಹಳಿ ಬಂದಾಗ ಅದು ಸೊನ್ನೆಯಾಯಿತು. ಆ ಸೊನ್ನೆಯನ್ನೇ ಜನ 'ಓ' ಎಂದು ಓದಿದರು. ಅಮೆರಿಕದಲ್ಲಿ ಇದರ ಅಳತೆ 1:48, ಬ್ರಿಟನ್ನಿನಲ್ಲಿ 1:43.5. ಅಮೆರಿಕದ ಲೆಕ್ಕದಲ್ಲಿ 40 ಅಡಿ ಉದ್ದದ ನಿಜವಾದ ವ್ಯಾಗನ್ ಇಲ್ಲಿ ಸರಿಯಾಗಿ 10 ಅಂಗುಲವಾಗುತ್ತದೆ. ಕೈ ತುಂಬುವ ಗಾತ್ರ, ಒಳ್ಳೆಯ ತೂಕ. ವಯಸ್ಸಾದವರ ಕಣ್ಣಿಗೂ ಮಕ್ಕಳ ಬೆರಳಿಗೂ ಇದು ಒಗ್ಗುತ್ತದೆ. ಗೆಳೆಯರ ಗುಂಪಿಗೆ ನಾನು ಇದನ್ನೇ ಹೇಳಲು ಅದೇ ಕಾರಣ.

1900ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಲಯನೆಲ್ ಕಂಪನಿ ಇಲ್ಲಿ ಮನೆಮನೆಗೆ ಮುಟ್ಟಿಸಿದ್ದು ಮೂರು ಹಳಿಯ ಪದ್ಧತಿಯನ್ನು. ನಡುವಿನ ಹಳಿಯಿಂದ ಎಂಜಿನ್ನಿಗೆ ಕರೆಂಟ್ ಬರುತ್ತದೆ, ಹೊರಗಿನ ಎರಡು ಹಳಿಗಳಿಂದ ವಾಪಸ್ ಹೋಗುತ್ತದೆ. ನಿಜವಾದ ರೈಲಿಗೆ ನಡುವಿನ ಹಳಿ ಇಲ್ಲ, ನಿಜ. ಆದರೆ ಎರಡು ಹಳಿಯ ಮಾದರಿಯಲ್ಲಿ ಹಳಿ ಸುತ್ತಿ ಬಂದು ಎದುರು ದಿಕ್ಕಿನಲ್ಲಿ ತನ್ನನ್ನೇ ಸೇರಿದರೆ ಎಡ ಹಳಿ ಬಲ ಹಳಿಗೆ ತಾಗಿ ಶಾರ್ಟ್ ಆಗುತ್ತದೆ. ಮೂರು ಹಳಿಯಲ್ಲಿ ಆ ತಲೆನೋವೇ ಇಲ್ಲ. ಹೊಸಬರಿಗೆ ಇದೇ ಸಲೀಸು.

ಮೊದಲು ನಿಲ್ಲುವ ಜಾಗ

ಕೋಣೆಯ ನೆಲದ ಮೇಲೆ ಬಣ್ಣದ ಟೇಪ್ ಅಂಟಿಸಿ ಮೇಜಿನ ಅಂಚುಗಳನ್ನು ಗುರುತಿಸಿ. ಗೆಳೆಯರನ್ನು ಕರೆದು ಆ ಗೆರೆಗಳ ನಡುವೆ ಓಡಾಡಿಸಿ. ಇಬ್ಬರು ಎದುರಾದರೆ ದಾಟಿಹೋಗಲು ಮೂರು ಅಡಿ ದಾರಿ ಬೇಕು. ಕೈ ಚಾಚಿದರೆ ಸಿಗುವುದು 30 ಅಂಗುಲದವರೆಗೆ ಮಾತ್ರ. ಅದಕ್ಕಿಂತ ಒಳಗೆ ಬೋಗಿ ಹಳಿ ತಪ್ಪಿದರೆ ಎತ್ತುವುದು ಕಷ್ಟ. ಗೋಡೆಗೆ ತಾಗಿದ ಮೇಜಿನ ಅಗಲ ಎರಡೂವರೆ ಅಡಿ ದಾಟದಿರಲಿ. ಎತ್ತರ ದೊಡ್ಡವರಿಗೆ 42 ಅಂಗುಲ, ಮಕ್ಕಳೂ ಬರುವುದಾದರೆ 36.

4 ಅಡಿಗೆ 8 ಅಡಿಯ ಒಂದೇ ಪ್ಲೈವುಡ್ ಹಲಗೆಯಿಂದ ಶುರು ಮಾಡಿದರೂ ತಪ್ಪಿಲ್ಲ. ಅದರ ಮೇಲೆ 36 ಅಂಗುಲ ವ್ಯಾಸದ ತಿರುವು, ಅಂದರೆ ಓ-36, ಆರಾಮವಾಗಿ ಕೂರುತ್ತದೆ. ಲಯನೆಲ್ಲಿನ ಸಿದ್ಧ ಹಳಿಯಾದ ಫಾಸ್‌ಟ್ರ್ಯಾಕಿನಲ್ಲಿ ಇಂಥ ಎಂಟು ತುಂಡು ಸೇರಿದರೆ ಒಂದು ಪೂರ್ತಿ ವೃತ್ತ. ಓ-48 ಮಾತ್ರ ಆ ಹಲಗೆಯಲ್ಲಿ ಹಿಡಿಸುವುದಿಲ್ಲ. ದೊಡ್ಡ ಎಂಜಿನ್ ಕೊಳ್ಳುವ ಮೊದಲು ಪೆಟ್ಟಿಗೆಯ ಮೇಲೆ ಎಷ್ಟು ವ್ಯಾಸದ ತಿರುವು ಬೇಕೆಂದು ಬರೆದಿರುತ್ತದೆ, ಓದಿ. ಕೆಲವಕ್ಕೆ ಓ-72 ಬೇಕು, ಅಂದರೆ ಆರು ಅಡಿ ವ್ಯಾಸ.

ಮೇಜಿಗೆ ಮರದ ಪಟ್ಟಿಗಳ ಚೌಕಟ್ಟು, ಮೇಲೆ ಅರ್ಧ ಅಂಗುಲದ ಪ್ಲೈವುಡ್ ಸಾಕು. ಕಾಲುಗಳಿಗೆ ಅಡ್ಡಪಟ್ಟಿ ಮರೆಯಬೇಡಿ. ಐದು ಜನ ಮೊಣಕೈ ಊರುವ ಮೇಜು ಅದು.

ನಕ್ಷೆ: ಒಂದು ಲೂಪ್ ಲೈನ್ ಇರಲೇಬೇಕು

ಸುಮ್ನೆ ಸುತ್ತು ಹೊಡೆಯುವ ವೃತ್ತ ಹತ್ತು ನಿಮಿಷಕ್ಕೆ ಸಾಕಾಗುತ್ತದೆ. ಕೆಲಸ ಹುಟ್ಟುವುದು ಸ್ಟೇಷನ್ನುಗಳಲ್ಲಿ. ಕನಿಷ್ಠ ಎರಡು ಸ್ಟೇಷನ್, ಪ್ರತಿ ಸ್ಟೇಷನ್ನಿನಲ್ಲಿ ಒಂದು ಲೂಪ್ ಲೈನ್ (ಮುಖ್ಯ ಹಳಿಯಿಂದ ಕವಲೊಡೆದು ಮತ್ತೆ ಅದಕ್ಕೇ ಸೇರುವ ಪಕ್ಕದ ಹಳಿ), ಒಂದೆರಡು ಸೈಡಿಂಗ್ (ಒಂದು ತುದಿ ಮುಚ್ಚಿದ ಪಕ್ಕದ ಹಳಿ) ಇರಲಿ. ಎದುರುಬದುರು ಬಂದ ಗಾಡಿಗಳು ಒಂದನ್ನೊಂದು ದಾಟಲು ಲೂಪ್ ಬೇಕು ಎಂಬುದು ಎಲ್ಲರಿಗೂ ಗೊತ್ತು. ಇನ್ನೊಂದು ಕಾರಣವೂ ಇದೆ. ಎಂಜಿನ್ ಮುಂದಿದ್ದು, ಸೈಡಿಂಗ್ ಕೂಡ ಮುಂದಕ್ಕೇ ಕವಲೊಡೆದರೆ ವ್ಯಾಗನ್ನನ್ನು ಒಳಗೆ ತಳ್ಳಲು ಆಗುವುದಿಲ್ಲ. ಎಂಜಿನ್ನನ್ನು ಬಿಚ್ಚಿ, ಲೂಪಿನಲ್ಲಿ ಸುತ್ತಿಸಿ ಹಿಂದಿನಿಂದ ಜೋಡಿಸಬೇಕು. ಈ ಶಂಟಿಂಗ್‌ನಲ್ಲೇ ಗೆಳೆಯರಿಬ್ಬರು ಅರ್ಧ ಗಂಟೆ ಮುಳುಗಿಹೋಗುತ್ತಾರೆ.

ಲೂಪ್ ಎಷ್ಟು ಉದ್ದ? ಕಪ್ಲಿಂಗ್ ಸೇರಿ ಒಂದು ವ್ಯಾಗನ್ 11 ಅಂಗುಲ ಎಂದುಕೊಳ್ಳಿ. ಎಂಟು ವ್ಯಾಗನ್ನಿಗೆ ಏಳೂವರೆ ಅಡಿ. ಎಂಜಿನ್ನು, ಗಾರ್ಡ್ ಬೋಗಿ ಸೇರಿ ಒಂಬತ್ತೂವರೆ ಅಡಿ ಬೇಕು. ಆಮೇಲೆ ಆಸೆಗೆ ಬಿದ್ದು ಹತ್ತು ವ್ಯಾಗನ್ ಕಟ್ಟಿದರೆ ಆ ಗಾಡಿ ಎಲ್ಲೂ ದಾರಿ ಬಿಡಲಾರದು.

ಮೇಲು ಸೇತುವೆ ಬೇಕು ಎನ್ನುವವರು ಏರನ್ನು ಲೆಕ್ಕ ಹಾಕಿ. ಕೆಳಗೆ ಇನ್ನೊಂದು ಗಾಡಿ ಹೋಗಲು ಆರು ಅಂಗುಲ ಎತ್ತರ ಬೇಕು. ನೂರಕ್ಕೆ ಎರಡರ ಏರಿನಲ್ಲಿ ಅಷ್ಟು ಹತ್ತಲು 25 ಅಡಿ ಹಳಿ ಹಿಡಿಯುತ್ತದೆ. ಆಲ್ಟೂನಾ ಊರಿನ ಹತ್ತಿರ 1854ರಲ್ಲಿ ತೆರೆದ ಹಾರ್ಸ್‌ಶೂ ಕರ್ವ್ ನೋಡಲು ನಾವೆಲ್ಲ ಹೋಗಿದ್ದೆವು. ಬೆಟ್ಟ ಹತ್ತುವ ಆ ನಿಜವಾದ ಹಳಿಯ ಏರು ಕೂಡ ನೂರಕ್ಕೆ ಎರಡಕ್ಕಿಂತ ಕಡಿಮೆ. ಅದಕ್ಕೂ ಹಿಂದಿನಿಂದ ತಳ್ಳುವ ಎಂಜಿನ್ ಬೇಕು. ಅದನ್ನು ಕಣ್ಣಾರೆ ನೋಡಿದ ಮೇಲೆ ನಮ್ಮ ಸೇತುವೆಯ ಆಸೆ ಬಿಟ್ಟೆವು, ಆ ಜಾಗದಲ್ಲಿ ಇನ್ನೊಂದು ಸೈಡಿಂಗ್ ಹಾಕಿದೆವು.

ಕರೆಂಟ್: ಇಲ್ಲಿ ಅವಸರ ಬೇಡ

ಹಳಿಗೆ ಹೋಗುವುದು ಹೆಚ್ಚೆಂದರೆ 18ರಿಂದ 20 ವೋಲ್ಟ್ ಎಸಿ. ಮುಟ್ಟಿದರೆ ಅಪಾಯವಿಲ್ಲ. ಆದರೆ ಶಾರ್ಟ್ ಆದರೆ ತಂತಿ ಸುಡುವಷ್ಟು ಬಿಸಿಯಾಗುತ್ತದೆ. ಮೇಜಿನ ಕೆಳಗೆ 14 ಗೇಜಿನ ದಪ್ಪ ತಂತಿಯನ್ನು ಉದ್ದಕ್ಕೂ ಎಳೆಯಿರಿ. ಅದರಿಂದ ಆರೇಳು ಅಡಿಗೊಂದರಂತೆ ಸಣ್ಣ ತಂತಿಯನ್ನು ಹಳಿಗೆ ಬೆಸುಗೆ ಹಾಕಿ. ಹಳಿಯ ಜೋಡಣೆಗಳನ್ನೇ ನಂಬಿದರೆ ಟ್ರಾನ್ಸ್‌ಫಾರ್ಮರ್‌ನಿಂದ ದೂರ ಹೋದಂತೆ ಎಂಜಿನ್ ಸೊರಗುತ್ತದೆ. ನಡುವಿನ ಹಳಿಗೆ ಕೆಂಪು, ಹೊರ ಹಳಿಗೆ ಕಪ್ಪು ಎಂದು ಬಣ್ಣ ನಿಗದಿ ಮಾಡಿ ಗೋಡೆಗೆ ಬರೆದು ಅಂಟಿಸಿ. ಐದು ಜನರ ಕೈ ಆಡುವ ಕಡೆ ಇದು ತುಂಬಾ ಮುಖ್ಯ.

ಹಳೆಯ ಟ್ರಾನ್ಸ್‌ಫಾರ್ಮರ್ ಸಿಕ್ಕಿತೇ? ಲಯನೆಲ್ಲಿನ 1948ರ ಜಡ್‌ಡಬ್ಲ್ಯೂ (ZW) ಎಂಬ ಟ್ರಾನ್ಸ್‌ಫಾರ್ಮರ್ ಈಗಲೂ ಜನ ಹುಡುಕಿ ಕೊಳ್ಳುವ ಗಟ್ಟಿ ಮಾಲು. ಆದರೆ ವೈರು ಬಿರುಕು ಬಿಟ್ಟಿದ್ದರೆ ಎಲೆಕ್ಟ್ರಿಷಿಯನ್ ಕೈಯಲ್ಲಿ ಬದಲಿಸದೆ ಪ್ಲಗ್ ಹಾಕಬೇಡಿ. ಒಳಗಿನ ಹಳೆಯ ಬ್ರೇಕರ್ ನಿಧಾನ. ಈಗಿನ ಎಂಜಿನ್ನುಗಳ ಒಳಗೆ ನಾಜೂಕಿನ ಸರ್ಕಿಟ್ ಇರುತ್ತದೆ. ಪ್ರತಿ ಕೆಂಪು ತಂತಿಗೂ ಬೇಗ ಹಾರುವ ಫ್ಯೂಸ್ ಹಾಕಿ.

ಎರಡು ಟ್ರಾನ್ಸ್‌ಫಾರ್ಮರ್ ಬಳಸುವುದಾದರೆ ಒಂದು ಪರೀಕ್ಷೆ ಮಾಡಲೇಬೇಕು. ಎರಡರ ಕಪ್ಪು ತುದಿಗಳನ್ನು ಜೋಡಿಸಿ, ಎರಡನ್ನೂ 12 ವೋಲ್ಟಿಗೆ ತಿರುಗಿಸಿ, ಮಲ್ಟಿಮೀಟರನ್ನು ಎಸಿಗೆ ಇಟ್ಟು ಎರಡು ಕೆಂಪು ತುದಿಗಳ ನಡುವೆ ಹಿಡಿಯಿರಿ. ಸೊನ್ನೆಯ ಹತ್ತಿರ ತೋರಿಸಿದರೆ ಸರಿ. 24ರ ಹತ್ತಿರ ತೋರಿಸಿದರೆ ಎರಡೂ ಎದುರುಬದುರು ಎಳೆಯುತ್ತಿವೆ ಎಂದರ್ಥ. ಆಗ ಒಂದರ ಪ್ಲಗ್ಗನ್ನು ತಿರುಗಿಸಿ ಹಾಕಿ ಮತ್ತೆ ಅಳೆಯಿರಿ. ತಿರುಗಿಸಲು ಬಾರದ ಪ್ಲಗ್ ಆಗಿದ್ದರೆ ಆ ಟ್ರಾನ್ಸ್‌ಫಾರ್ಮರನ್ನು ಹಳಿಗೆ ಜೋಡಿಸದೆ, ಮನೆಗಳ ದೀಪಕ್ಕೆ ಮಾತ್ರ ಬೇರೆಯಾಗಿ ಇಟ್ಟುಬಿಡಿ.

ಕರ್ನಾಟಕಕ್ಕೆ ಒಯ್ಯುವವರಿಗೆ ಒಂದು ಮಾತು. ಇಲ್ಲಿನ ಟ್ರಾನ್ಸ್‌ಫಾರ್ಮರ್ 120 ವೋಲ್ಟಿನದು. ಊರಿನ 230 ವೋಲ್ಟಿಗೆ ನೇರ ಚುಚ್ಚಿದರೆ ಸುಟ್ಟೇ ಹೋಗುತ್ತದೆ. ವೋಲ್ಟೇಜ್ ಇಳಿಸುವ ಕನ್ವರ್ಟರ್ ಬೇಕೇ ಬೇಕು.

ತಾನಾಗಿಯೇ ಬೀಳುವ ಗೇಟ್

ಮೂರು ಹಳಿಯ ಈ ಉಪಾಯವನ್ನು ಪಕ್ಕದ ಮನೆಯ ಹಿರಿಯರು ಕಲಿಸಿದ ದಿನ ನಾವು ಊಟ ಮರೆತಿದ್ದೆವು. ಲೆವೆಲ್ ಕ್ರಾಸಿಂಗ್ ಹತ್ತಿರ ಹೊರ ಹಳಿಗಳಲ್ಲಿ ಒಂದನ್ನು ಮಾತ್ರ ಎರಡೂ ಕಡೆ ಕತ್ತರಿಸಿ, ಪ್ಲಾಸ್ಟಿಕ್ ಪಿನ್ ಹಾಕಿ ಬೇರ್ಪಡಿಸಿ. ಮರದ ಸ್ಲೀಪರಿನ ಹಳಿಯಲ್ಲಿ ಇಷ್ಟೇ ಸಾಕು, ತಗಡಿನ ಸ್ಲೀಪರ್ ಇದ್ದರೆ ಹಳಿಯ ಕೆಳಗೂ ಕರೆಂಟ್ ಹಾಯದ ಪಟ್ಟಿ ಬೇಕು. ಗೇಟಿನ ಒಂದು ತಂತಿಯನ್ನು ಟ್ರಾನ್ಸ್‌ಫಾರ್ಮರಿನ ಕೆಂಪು ತುದಿಗೆ, ಇನ್ನೊಂದನ್ನು ಆ ಬೇರ್ಪಟ್ಟ ಹಳಿಗೆ ಕೊಡಿ. ಗಾಡಿ ಬಂದಾಗ ಅದರ ಲೋಹದ ಚಕ್ರ, ಅಚ್ಚುಗಳೇ ಎರಡು ಹೊರ ಹಳಿಗಳನ್ನು ಬೆಸೆಯುತ್ತವೆ. ಕರೆಂಟ್ ಹರಿಯುತ್ತದೆ, ಗೇಟ್ ಬೀಳುತ್ತದೆ. ಕೊನೆಯ ಬೋಗಿ ದಾಟಿದ ಕೂಡಲೇ ಏಳುತ್ತದೆ. ಸಿಗ್ನಲ್ಲಿಗೂ ಇದೇ ದಾರಿ. ಪ್ಲಾಸ್ಟಿಕ್ ಚಕ್ರದ ಬೋಗಿಗಳಿಗೆ ಮಾತ್ರ ಇದು ನಡೆಯುವುದಿಲ್ಲ.

ಗುಡ್ಡ, ಮರಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದು ನಿಮ್ಮ ಕೈಗೆ ಬಿಟ್ಟದ್ದು. ಹಳಿಯ ನಡುವಿನ ಸಣ್ಣ ಜಲ್ಲಿಗೆ ಅರ್ಧ ನೀರು, ಅರ್ಧ ಬಿಳಿ ಅಂಟು, ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು ಬೆರೆಸಿ ಹನಿಸಿ. ಪಾಯಿಂಟ್‌ಗಳ, ಅಂದರೆ ಹಳಿ ಕವಲೊಡೆಯುವ ಜಾಗಗಳ, ಆಡುವ ಭಾಗಕ್ಕೆ ಅಂಟು ತಾಗಿಸಬೇಡಿ. ಬಳಸಿದ ಬೋಗಿ, ಹಳಿ ಬೇಕೆಂದರೆ ಏಪ್ರಿಲ್, ಅಕ್ಟೋಬರ್‌ನಲ್ಲಿ ಪೆನ್ಸಿಲ್ವೇನಿಯಾದ ಯಾರ್ಕ್ ಊರಿನಲ್ಲಿ ಟ್ರೈನ್ ಕಲೆಕ್ಟರ್ಸ್ ಅಸೋಸಿಯೇಷನ್ನಿನ ದೊಡ್ಡ ಮೇಳ ನಡೆಯುತ್ತದೆ.

ನಮ್ಮ ನಾಡಿನ ರೈಲನ್ನೇ ಮಾಡುವ ಆಸೆ ಇದೆಯೇ? ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹಿಂದೆ ಓಡುತ್ತಿದ್ದ ಸಣ್ಣ ರೈಲಿನ ಹಳಿಗಳ ನಡುವೆ ಎರಡೂವರೆ ಅಡಿ ಅಂತರ. ಅದು 1:48ಕ್ಕೆ ಇಳಿದರೆ ಸುಮಾರು 16 ಮಿಲಿಮೀಟರ್ ಆಗುತ್ತದೆ. ಎಲ್ಲೆಡೆ ಸಿಗುವ, ಎಚ್‌ಓ ಎಂಬ ಚಿಕ್ಕ ಮಾದರಿಯ ಹಳಿ 16.5. ಆ ಹಳಿಯ ಮೇಲೆ ಓ ಅಳತೆಯ ಬೋಗಿ ಓಡಿಸಬಹುದು. ನಂದಿ ಹಾಲ್ಟ್ ಸ್ಟೇಷನ್ನನ್ನು ಹೀಗೆ ಕಟ್ಟುವುದು ನನ್ನ ಮುಂದಿನ ಕೆಲಸ.

ಈಗ ಓಡಿಸೋಣ

ಇಷ್ಟು ದಿನ ಕಟ್ಟಿದ್ದು ಈ ಎರಡೂವರೆ ಗಂಟೆಗಾಗಿ. ಮೊದಲು ಕೆಲಸ ಹಂಚಿ. ಒಬ್ಬರು ಕಂಟ್ರೋಲರ್, ಇಡೀ ಮಾರ್ಗ ಅವರ ಮಾತಿನಂತೆ. ಒಬ್ಬರು ಯಾರ್ಡಿನಲ್ಲಿ ಗಾಡಿ ಕಟ್ಟುತ್ತಾರೆ. ಇಬ್ಬರು ಡ್ರೈವರ್, ಒಬ್ಬರು ಗಾರ್ಡ್. ಪ್ರತಿ ಸಲ ಕೆಲಸ ಬದಲಿಸಿ. ಹೊಸಬರು ಬಂದರೆ ಅವರನ್ನು ಗಾರ್ಡ್ ಮಾಡಿ, ಅನುಭವವಿರುವ ಡ್ರೈವರ್ ಪಕ್ಕ ನಿಲ್ಲಿಸಿ.

ಪ್ರತಿ ವ್ಯಾಗನ್ನಿಗೂ ಒಂದು ಚೀಟಿ ಬರೆಯಿರಿ: ಬಣ್ಣ, ನಂಬರ್, ಯಾವ ಬಗೆ. ಆ ಚೀಟಿಗೆ ಒಂದು ಜೇಬು ಮಾಡಿ, ಅದರೊಳಗೆ ಇನ್ನೊಂದು ಸಣ್ಣ ಚೀಟಿ ಇಡಿ: ಏನು ಸಾಮಾನು, ಎಲ್ಲಿಂದ, ಎಲ್ಲಿಗೆ. ಈ ಸಣ್ಣ ಚೀಟಿಯ ಎರಡು ಮುಖ, ಎರಡು ತುದಿ ಸೇರಿ ನಾಲ್ಕು ಊರು ಬರೆಯಬಹುದು. ನಮ್ಮಲ್ಲಿ ಕಲ್ಲಿದ್ದಲು ಗಣಿಯಿಂದ ಉಕ್ಕಿನ ಕಾರ್ಖಾನೆಗೆ ತುಂಬಿದ ವ್ಯಾಗನ್ ಹೋದರೆ, ಮುಂದಿನ ಶನಿವಾರ ಚೀಟಿ ತಿರುಗಿಸಿದಾಗ ಅದೇ ವ್ಯಾಗನ್ ಖಾಲಿಯಾಗಿ ಗಣಿಗೆ ಹಿಂತಿರುಗುತ್ತದೆ. ಚೀಟಿ ಕೈಗೆ ಬಂದ ಕೂಡಲೇ ಜನರ ಮುಖವೇ ಬದಲಾಗುತ್ತದೆ. "ಈ ಕೆಂಪು ವ್ಯಾಗನ್ ಆ ಗೋದಾಮಿಗೆ ಹೋಗಬೇಕು, ಆದರೆ ಅಲ್ಲಿ ಇನ್ನೊಂದು ನಿಂತಿದೆಯಲ್ಲ" ಎಂದು ಯೋಚಿಸತೊಡಗುತ್ತಾರೆ.

ಗಡಿಯಾರವನ್ನು ನಾಲ್ಕು ಪಟ್ಟು ವೇಗದಲ್ಲಿ ಓಡಿಸುತ್ತೇವೆ. ನಮ್ಮ ಎರಡೂವರೆ ಗಂಟೆ ರೈಲಿಗೆ ಹತ್ತು ಗಂಟೆ. ಮೊಬೈಲಿನಲ್ಲಿ ಇದಕ್ಕೆ ಆ್ಯಪ್ ಸಿಗುತ್ತದೆ. ಆದರೆ ಮೊದಲ ಮೂರು ನಾಲ್ಕು ಸಲ ಗಡಿಯಾರವಿಲ್ಲದೇ ಓಡಿಸಿ. ಕೆಲಸ ಕಲಿಯುವ ಮೊದಲೇ ಸಮಯದ ಒತ್ತಡ ಬಿದ್ದರೆ ಜನ ಬರುವುದನ್ನೇ ಬಿಡುತ್ತಾರೆ.

ಒಂಟಿ ಹಳಿಯಲ್ಲಿ ಎರಡು ಗಾಡಿ ಎದುರಾಗದಂತೆ ನೋಡುವುದು ಹೇಗೆ? ಅಮೆರಿಕದ ರೈಲ್ವೆಯವರು ಕಂಟ್ರೋಲರ್ ಬರೆಸುವ ಆದೇಶದ ಮೇಲೆ ಓಡಿಸುತ್ತಾರೆ. ನಮ್ಮ ಗುಂಪಿನಲ್ಲಿ ಅರಸೀಕೆರೆಯ ಗೆಳೆಯನೊಬ್ಬನಿದ್ದಾನೆ. ಸ್ಟೇಷನ್ನಿನಲ್ಲಿ ದೊಡ್ಡ ಬಳೆಯಂಥ ಟೋಕನ್ನನ್ನು ಡ್ರೈವರ್ ಕೈಗೆ ಕೊಡುವುದನ್ನು ನೋಡುತ್ತ ಬೆಳೆದವನು. ಎರಡು ಸ್ಟೇಷನ್ ನಡುವೆ ಒಂದೇ ಟೋಕನ್ ಇಡೋಣ, ಅದು ಕೈಯಲ್ಲಿ ಇಲ್ಲದೆ ಗಾಡಿ ಬಿಡುವಂತಿಲ್ಲ ಎಂದು ಅವನು ಸೂಚಿಸಿದ. ಹಳೆಯ ಗಾಜಿನ ಬಳೆಗಳನ್ನು ಅದಕ್ಕೆ ಇಟ್ಟೆವು, ಗಣಿ ಕಡೆಯ ಹಳಿಗೆ ಹಸಿರು ಬಳೆ, ಕಾರ್ಖಾನೆ ಕಡೆಯ ಹಳಿಗೆ ಕೆಂಪು ಬಳೆ. ಅಂದಿನಿಂದ ಎದುರುಬದುರು ಡಿಕ್ಕಿ ಆಗಿಲ್ಲ. ಪಕ್ಕದ ಮನೆಯ ಹಿರಿಯರು ಈಗ ಟೋಕನ್ ಇಲ್ಲದೆ ಒಂದಡಿ ಕೂಡ ಕದಲುವುದಿಲ್ಲ.

ಜೋರಾಗಿ ಓಡಿಸಬೇಡಿ. ನಿಧಾನ ಹೋದಷ್ಟೂ ಮೇಜು ದೊಡ್ಡದಾಗುತ್ತದೆ. ಸ್ಟೇಷನ್ನಿನಿಂದ ಸ್ಟೇಷನ್ನಿಗೆ ದಾರಿ ಉದ್ದ ಅನ್ನಿಸುತ್ತದೆ.

ಮುಗಿಸುವ ಮುನ್ನ

ಎಂಜಿನ್ ತಡವರಿಸಿದರೆ ಹಳಿ ಕೊಳೆಯಾಗಿದೆ. ಬಟ್ಟೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಮೂರೂ ಹಳಿ ಒರೆಸಿ. ಸ್ಟೀಲ್ ಉಣ್ಣೆ ಬಳಸಬೇಡಿ. ಅದರ ಎಳೆಗಳನ್ನು ಎಂಜಿನ್ನಿನ ಅಯಸ್ಕಾಂತ ಹೀರಿಕೊಂಡು ಒಳಗೆ ಶಾರ್ಟ್ ಮಾಡುತ್ತದೆ. ಚಕ್ರಕ್ಕೆ ಸುತ್ತಿದ ರಬ್ಬರ್ ಬಳೆ ಸಡಿಲವಾಗಿದೆಯೇ ನೋಡಿ, ಗೇರಿಗೆ ಸ್ವಲ್ಪವೇ ಗ್ರೀಸ್ ಹಾಕಿ.

ಅವತ್ತು ತೊಂದರೆ ಕೊಟ್ಟ ಬೋಗಿ, ಪಾಯಿಂಟ್, ಸೈಡಿಂಗ್ ಪಕ್ಕ ಒಂದು ಹಳದಿ ಚೀಟಿ ಇಟ್ಟು ಏನಾಯಿತು ಎಂದು ಅಲ್ಲೇ ಬರೆಯಿರಿ. "ಮೂರನೇ ಪಾಯಿಂಟ್, ಎಡಕ್ಕೆ ತಿರುಗುವಾಗ ಹಿಂದಿನ ಚಕ್ರ ಹತ್ತುತ್ತದೆ" ಎಂಬಷ್ಟು ವಿವರ ಬೇಕು. ವಾರದ ನಡುವೆ ಯಾರಿಗೆ ಬಿಡುವಿದೆಯೋ ಅವರು ಬಂದು ಸರಿ ಮಾಡಿ ಚೀಟಿ ತೆಗೆಯುತ್ತಾರೆ. ಈ ವಾರ ನಮ್ಮಲ್ಲಿ ನಾಲ್ಕು ಹಳದಿ ಚೀಟಿ ಇವೆ. ಬುಧವಾರ ಸಂಜೆ ಅರಸೀಕೆರೆಯ ಗೆಳೆಯ ಬರುತ್ತಾನೆ.