ಶಾಲೆ, ಕಾರ್ಖಾನೆ, ಹೆರಿಗೆ: ಮಧ್ಯ ಜಾವಾದಲ್ಲಿ ಸಂಶೋಧನೆ ನಡೆಸಿದ ನನ್ನ ಅನುಭವ

ಇಂಡೊನೇಷ್ಯಾದ ಮಧ್ಯ ಜಾವಾ ಪ್ರಾಂತ್ಯದಲ್ಲಿ ಸೆಮರಾಂಗ್ ಎಂಬ ಜಿಲ್ಲೆಯಿದೆ. ಅದರ ಉಂಗಾರಾನ್ ಮತ್ತು ಬಾವೆನ್ ಪಟ್ಟಣಗಳ ಸುತ್ತ ಸಿದ್ಧ ಉಡುಪಿನ ಕಾರ್ಖಾನೆಗಳಿವೆ. ದಕ್ಷಿಣಕ್ಕೆ ಮೆರ್ಬಾಬು ಪರ್ವತದ ಇಳಿಜಾರಿನಲ್ಲಿ ತರಕಾರಿ ಬೆಳೆದು ಹಸು ಸಾಕುವ ಹಳ್ಳಿಗಳಿವೆ. ಮೇಲಿನ ಹಳ್ಳಿಯಲ್ಲಿ ಶಾಲೆ ಮುಗಿಸಿದ ಎಷ್ಟೋ ಹುಡುಗಿಯರು ಕೆಳಗಿನ ಕಾರ್ಖಾನೆಗೆ ಹೊಲಿಗೆ ಕೆಲಸಕ್ಕೆ ಸೇರುತ್ತಾರೆ, ಅಲ್ಲಿ ದುಡಿಯುತ್ತಿರುವಾಗಲೇ ಮದುವೆಯಾಗಿ ಬಸುರಿಯಾಗುತ್ತಾರೆ, ಹೆರಿಗೆಗೆ ತವರಿಗೆ ಮರಳುತ್ತಾರೆ. ಆದರೆ ಅವರ ಆರೋಗ್ಯದ ದಾಖಲೆ ಮೂರು ಕಡೆ ಹಂಚಿಹೋಗಿರುತ್ತದೆ: ಶಾಲೆಯಲ್ಲಿದ್ದಾಗ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ, ದುಡಿಯುವಾಗ ಕಾರ್ಖಾನೆಯ ಚಿಕಿತ್ಸಾಲಯದಲ್ಲಿ, ಬಸುರಿಯಾದಾಗ ಊರಿನ ಸೂಲಗಿತ್ತಿ ದಾದಿಯ ಬಳಿ. ಈ ಮೂರನ್ನೂ ಒಂದೇ ಅಧ್ಯಯನದೊಳಗೆ ತರಬೇಕೆಂಬುದು ನಮ್ಮ ತಂಡದ ಉದ್ದೇಶವಾಗಿತ್ತು. ಕರ್ನಾಟಕದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೆಲಸ ಕಲಿತು ಹೋಗಿದ್ದ ನಾನು, ಅಲ್ಲಿನ ಸ್ಥಳೀಯ ಸಂಶೋಧಕಿಯರ ಜೊತೆ ಸೇರಿ ಅದನ್ನು ಹೇಗೆ ಮಾಡಿದೆವೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ಉದ್ದೇಶದ ಹಿನ್ನೆಲೆ ತಿಳಿಯುತ್ತದೆ. ಇಂಡೊನೇಷ್ಯಾದಲ್ಲಿ ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಮರಣ 2015ರ ಸಮೀಕ್ಷೆಯಲ್ಲಿ 305 ಇತ್ತು; 2020ರ ಜನಗಣತಿಯ ಲೆಕ್ಕದಲ್ಲಿ ಅದು 189ಕ್ಕೆ ಇಳಿಯಿತು. 1989ರಲ್ಲಿ ಆರಂಭವಾದ ಹಳ್ಳಿ ದಾದಿಯರ ಯೋಜನೆಯೂ 2014ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಆರೋಗ್ಯ ವಿಮೆಯೂ ಹೆರಿಗೆಯನ್ನು ಕುಶಲ ಕೈಗಳಿಗೆ ತಂದದ್ದು ಇದರ ಹಿಂದೆ ಇದೆ. ಆದರೆ ಗರ್ಭಿಣಿಯರ ರಕ್ತಹೀನತೆ 2013ರಲ್ಲಿ ಶೇಕಡ 37.1 ಇದ್ದದ್ದು 2018ರ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿ 48.9 ಆಗಿತ್ತು. ನಂತರದ ಸಮೀಕ್ಷೆಯಲ್ಲಿ ಈ ಪ್ರಮಾಣ ಇಳಿದಿದೆಯಾದರೂ ಪ್ರಶ್ನೆ ಉಳಿದೇ ಇದೆ. ಹೆರಿಗೆಯ ಹೊತ್ತಿನ ಆರೈಕೆ ಸುಧಾರಿಸಿದ ಮೇಲೂ ಹೆರಿಗೆಯವರೆಗೆ ಬರುವ ದೇಹ ಏಕೆ ಇಷ್ಟು ಬಳಲಿರುತ್ತದೆ? ಮೂರನೆಯ ತಿಂಗಳಲ್ಲಿ ದಾದಿ ಬೆರಳು ಚುಚ್ಚಿ ನೋಡುವ ಹಿಮೋಗ್ಲೋಬಿನ್, ಬಹುಮಟ್ಟಿಗೆ ಶಾಲೆಯ ವರ್ಷಗಳಲ್ಲಿ ಮತ್ತು ಕಾರ್ಖಾನೆಯ ಪಾಳಿಗಳಲ್ಲಿ ಆಗಲೇ ತೀರ್ಮಾನವಾಗಿರುತ್ತದೆ ಎಂದು ನಾನು ನಂಬುತ್ತೇನೆ. ಈ ಕೆಲಸ ಆ ನಂಬಿಕೆಯನ್ನು ಗಟ್ಟಿ ಮಾಡಿದೆ.

ಅಲ್ಲಿ ನೆಲಮಟ್ಟದ ವ್ಯವಸ್ಥೆ ಬಲವಾಗಿದೆ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸಮನಾದದ್ದು ಪುಸ್ಕೆಸ್ಮಾಸ್. ಅದರ ಕೆಳಗೆ ತಿಂಗಳಿಗೊಮ್ಮೆ ಕೂಡುವ ಪೊಸ್ಯಾಂಡು ಎಂಬ ಆರೋಗ್ಯ ಕೂಟವಿದೆ. ಯಾರದೋ ಮನೆಯ ಜಗಲಿಯಲ್ಲಿ ಐದು ಮೇಜುಗಳನ್ನು ಹಾಕಿ, ಹೆಸರು ಬರೆಯುವುದು, ತೂಕ ನೋಡುವುದು, ದಾಖಲಿಸುವುದು, ತಿಳಿವಳಿಕೆ ಹೇಳುವುದು, ಲಸಿಕೆ ಮೊದಲಾದ ಸೇವೆ ಕೊಡುವುದು ಹೀಗೆ ಸಾಲಾಗಿ ನಡೆಸುತ್ತಾರೆ. ನಡೆಸುವವರು ಕಾದರ್ ಎಂದು ಕರೆಯಲಾಗುವ ಸ್ವಯಂಸೇವಕಿಯರು, ಬಹುತೇಕ ಅದೇ ಓಣಿಯ ಗೃಹಿಣಿಯರು. ಪ್ರತಿ ಬಸುರಿಯ ಕೈಯಲ್ಲಿ ಗುಲಾಬಿ ಬಣ್ಣದ ತಾಯಿ ಮತ್ತು ಮಗುವಿನ ಆರೋಗ್ಯ ಪುಸ್ತಕವಿರುತ್ತದೆ. ನಮ್ಮ ತಾಯಿ ಕಾರ್ಡಿಗೆ ಹೋಲಿಸಬಹುದಾದ ಈ ಪುಸ್ತಕವನ್ನು ಜಪಾನಿನ ನೆರವಿನಿಂದ 1990ರ ದಶಕದ ಮೊದಲ ಭಾಗದಲ್ಲಿ ಮೊದಲು ಪ್ರಯೋಗಿಸಿದ್ದು, ಇದೇ ಜಿಲ್ಲೆ ಸುತ್ತುವರಿದಿರುವ ಸಾಲಾತಿಗಾ ನಗರದಲ್ಲಿ. ನಾವು ಹೊಸ ನಮೂನೆಗಳನ್ನು ಮಾಡದೆ ಆ ಪುಸ್ತಕದ ಪುಟಗಳನ್ನೇ ಮೊದಲ ಆಧಾರವಾಗಿ ಇಟ್ಟುಕೊಂಡೆವು. ತಾಯಿಯೇ ಕಾಪಾಡಿಕೊಂಡ ದಾಖಲೆಯಲ್ಲಿ ಕಚೇರಿಯ ವರದಿಗಿಂತ ಹೆಚ್ಚು ಸತ್ಯವಿರುತ್ತದೆ.

ಅನುಮತಿಗೆ ಸಮಯ ಹಿಡಿಯುತ್ತದೆ. ವಿದೇಶಿ ಸಂಶೋಧಕರಿಗೆ ರಾಷ್ಟ್ರೀಯ ಸಂಶೋಧನಾ ಸಂಸ್ಥೆಯ ಪರವಾನಗಿ, ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಒಪ್ಪಿಗೆ, ಆಮೇಲೆ ಜಿಲ್ಲೆ, ಉಪಜಿಲ್ಲೆ, ಹಳ್ಳಿ, ಕೊನೆಗೆ ನೆರೆಹೊರೆಯ ಮುಖ್ಯಸ್ಥ ಎಂಬ ಕ್ರಮದಲ್ಲಿ ಪತ್ರ ಒಯ್ಯಬೇಕು. ಕೊನೆಯ ಮೆಟ್ಟಿಲನ್ನು ಅವಸರದಲ್ಲಿ ದಾಟಬಾರದು, ಏಕೆಂದರೆ ಜನ ಬಾಗಿಲು ತೆರೆಯುವುದು ಆ ಮುಖ್ಯಸ್ಥ ಜೊತೆಗಿದ್ದರೆ ಮಾತ್ರ.

ಯಾರು ಪ್ರಶ್ನೆ ಕೇಳಬೇಕೆಂಬುದರ ಬಗ್ಗೆ ನಾವು ದೀರ್ಘವಾಗಿ ಚರ್ಚಿಸಿದೆವು. ಕಾದರ್‌ಗಳಿಗೆ ಮನೆಮನೆಯೂ ಗೊತ್ತು, ಖರ್ಚೂ ಕಡಿಮೆ. ಆದರೆ ಗಂಡನ ಹೊಡೆತ, ಮದುವೆಗೆ ಮೊದಲಿನ ಬಸಿರು, ಹೆರಿಗೆಯ ನಂತರ ಕಾರಣವಿಲ್ಲದೆ ಬರುವ ಅಳು ಇವನ್ನು ಪಕ್ಕದ ಮನೆಯವಳ ಮುಂದೆ ಯಾವ ಹೆಂಗಸೂ ಹೇಳಲಾರಳು. ಆದ್ದರಿಂದ ಕಾದರ್ ಪರಿಚಯಿಸಿ ಹೊರಡುವುದು, ಸಂದರ್ಶನವನ್ನು ಬೇರೆ ಉಪಜಿಲ್ಲೆಯಿಂದ ಬಂದ, ಜಾವಾ ಭಾಷೆ ಬಲ್ಲ ತರುಣಿಯರು ನಡೆಸುವುದು ಎಂದು ಗೊತ್ತುಮಾಡಿದೆವು. ಇನ್ನೊಂದು ಕಷ್ಟವೂ ಇತ್ತು. ಬಂದವರ ಮಾತನ್ನು ಅಲ್ಲಗಳೆಯುವುದು ಅಲ್ಲಿ ಅಸಭ್ಯ. ಹೌದು, ಇಲ್ಲ ಎಂದು ಉತ್ತರಿಸುವ ಪ್ರಶ್ನೆಗೆ ಮೊದಲು ಸಿಗುವುದು ಹೌದು. ಅದಕ್ಕಾಗಿ ಪ್ರತಿ ಸಂದರ್ಶನವನ್ನು ನಿನ್ನೆಯ ದಿನದಿಂದ ಆರಂಭಿಸಿದೆವು: ಎಷ್ಟು ಹೊತ್ತಿಗೆ ಎದ್ದಿರಿ, ಮೊದಲು ಏನು ತಿಂದಿರಿ, ಎಷ್ಟು ಹೊತ್ತಿಗೆ ಕುಳಿತಿರಿ, ರಾತ್ರಿ ಮಗು ಅತ್ತಾಗ ಯಾರು ಎದ್ದರು. ಮನೋಯಾತನೆ ಅಳೆಯುವ ವಿಶ್ವ ಆರೋಗ್ಯ ಸಂಸ್ಥೆಯ ಇಪ್ಪತ್ತು ಪ್ರಶ್ನೆಗಳನ್ನು ಅದರ ನಂತರವೇ ಕೇಳಿದೆವು. ನಿನ್ನೆಯ ದಿನವನ್ನು ಒಮ್ಮೆ ಹೇಳಿಕೊಂಡವಳು ಈ ಪ್ರಶ್ನೆಗಳಿಗೆ ಯೋಚಿಸಿ ಉತ್ತರಿಸುತ್ತಾಳೆ.

ರಕ್ತಪರೀಕ್ಷೆಯಲ್ಲಿ ಸಣ್ಣ ವಿಷಯಗಳೇ ಫಲಿತಾಂಶವನ್ನು ಕೆಡಿಸುತ್ತವೆ. ಡೆಸಿಲೀಟರ್ ರಕ್ತದಲ್ಲಿ ಗರ್ಭಿಣಿಯರಿಗೆ 11 ಗ್ರಾಂ, ಉಳಿದ ಸ್ತ್ರೀಯರಿಗೆ 12 ಗ್ರಾಂ ಹಿಮೋಗ್ಲೋಬಿನ್ ಎಂಬುದು ನಾವು ಇಟ್ಟುಕೊಂಡ ರಕ್ತಹೀನತೆಯ ಗೆರೆ. ಆದರೆ ಮೆರ್ಬಾಬು ಇಳಿಜಾರಿನ ಕೋಪೆಂಗ್‌ನಂಥ ಊರುಗಳು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿವೆ. ಎತ್ತರದಲ್ಲಿ ಬಾಳುವ ದೇಹ ಹೆಚ್ಚು ಹಿಮೋಗ್ಲೋಬಿನ್ ಇಟ್ಟುಕೊಳ್ಳುವುದರಿಂದ ಅಳತೆಯಿಂದ ಸ್ವಲ್ಪ ಕಳೆಯದಿದ್ದರೆ ಬೆಟ್ಟದ ಹುಡುಗಿಯರು ಆರೋಗ್ಯವಂತರಂತೆ ಕಾಣುತ್ತಾರೆ. ನಾವು ಪ್ರತಿ ಮನೆಯ ಎತ್ತರವನ್ನೂ ಬರೆದುಕೊಂಡೆವು.

ಶಾಲೆಗಳಲ್ಲಿ ಹುಡುಗಿಯರಿಗೆ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ. ನಮ್ಮಲ್ಲಿನ ನೀಲಿ ಮಾತ್ರೆಯಂತೆ ಅದರಲ್ಲೂ 60 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಹಂಚಿದ ಲೆಕ್ಕ ರಿಜಿಸ್ಟರಿನಲ್ಲಿ ಪೂರ್ತಿ ಇರುತ್ತದೆ, ನುಂಗಿದ ಲೆಕ್ಕ ಎಲ್ಲಿಯೂ ಇರುವುದಿಲ್ಲ. ಹುಡುಗಿಯರೊಡನೆ ಕುಳಿತು ಕೇಳಿದಾಗ ಕಾರಣಗಳು ಹೊರಬಂದವು: ಕಬ್ಬಿಣದ ವಾಸನೆ, ಹೊಟ್ಟೆ ತೊಳಸುವುದು, ಮಲ ಕಪ್ಪಾಗುವ ಭಯ, ಇದು ಬಸುರಿಯರ ಮಾತ್ರೆ ಎಂಬ ನಾಚಿಕೆ. ಬೆಳಗಿನ ತಿಂಡಿ ತಿನ್ನದೆ ಬರುವ ಹುಡುಗಿಯರಿಗೆ ಖಾಲಿ ಹೊಟ್ಟೆಯಲ್ಲಿ ಆ ಮಾತ್ರೆ ನಿಜವಾಗಿಯೂ ತೊಂದರೆ ಕೊಡುತ್ತದೆ. ಮಧ್ಯ ಜಾವಾದಲ್ಲಿ ಊಟದೊಡನೆ ಸಿಹಿ ಚಹಾ ಕುಡಿಯುವುದು ದಿನನಿತ್ಯದ ರೂಢಿ. ಚಹಾದಲ್ಲಿರುವ ಟ್ಯಾನಿನ್ ಕಬ್ಬಿಣವನ್ನು ಕರುಳು ಹೀರಿಕೊಳ್ಳದಂತೆ ತಡೆಯುತ್ತದೆ. ರಂಜಾನ್ ತಿಂಗಳಲ್ಲಿ ಉಪವಾಸವಿರುವವರು ಶಾಲೆಯಲ್ಲಿ ಮಾತ್ರೆ ನುಂಗುವಂತಿಲ್ಲ. ಹೀಗಾಗಿ ನಾವು ಶಿಕ್ಷಕಿಯರೊಡನೆ ಮಾತಾಡಿ ಕೆಲವು ಶಾಲೆಗಳಲ್ಲಿ ವಾರದ ಒಂದು ದಿನ ಎಲ್ಲರೂ ಸೇರಿ ತಿಂಡಿ ತಿಂದು ನೀರಿನೊಡನೆ ಮಾತ್ರೆ ನುಂಗುವ ಪದ್ಧತಿಯನ್ನೂ, ರಂಜಾನಿನಲ್ಲಿ ಸಂಜೆಯ ಉಪವಾಸ ಬಿಟ್ಟ ಮೇಲೆ ಮನೆಯಲ್ಲಿ ನುಂಗುವ ಪದ್ಧತಿಯನ್ನೂ ಆರಂಭಿಸಿದೆವು. ಚಹಾ ಬಿಡಿ ಎಂದು ನಾವು ಯಾರಿಗೂ ಹೇಳಲಿಲ್ಲ. ಒಂದೆರಡು ಗಂಟೆ ತಡಮಾಡಿ ಎಂದಷ್ಟೇ ಹೇಳಿದೆವು.

ಹದಿಹರೆಯದವರ ಮನಸ್ಸಿನ ವಿಷಯಕ್ಕೆ ಹೆಚ್ಚು ಎಚ್ಚರ ಬೇಕಾಗಿತ್ತು. 2022ರಲ್ಲಿ ಪ್ರಕಟವಾದ ರಾಷ್ಟ್ರೀಯ ಹದಿಹರೆಯದ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಇಂಡೊನೇಷ್ಯಾದ ಮೂವರು ಹದಿಹರೆಯದವರಲ್ಲಿ ಒಬ್ಬರಿಗೆ ಹಿಂದಿನ ಒಂದು ವರ್ಷದಲ್ಲಿ ಯಾವುದಾದರೊಂದು ಮಾನಸಿಕ ತೊಂದರೆಯಿತ್ತು. ಅವರಲ್ಲಿ ಸಹಾಯ ಪಡೆದವರು ಶೇಕಡ 2.6 ಮಾತ್ರ. ಪೋಷಕರ ಸಮ್ಮತಿಯ ಜೊತೆ ಮಕ್ಕಳ ಸ್ವಂತ ಒಪ್ಪಿಗೆಯನ್ನೂ ಪಡೆದು, ತರಗತಿಯಿಂದ ಶಿಕ್ಷಕರನ್ನು ಹೊರಗೆ ಕಳಿಸಿ, ಉತ್ತರದ ಹಾಳೆಗಳನ್ನು ನಮ್ಮ ಕೈಗೇ ತೆಗೆದುಕೊಂಡೆವು. ಬದುಕು ಸಾಕಾಗಿದೆ ಎಂದು ಬರೆದ ಮಗುವನ್ನು ಅದೇ ದಿನ ಯಾರು ಮಾತಾಡಿಸಬೇಕು, ಎಲ್ಲಿಗೆ ಕರೆದೊಯ್ಯಬೇಕು ಎಂಬ ಏರ್ಪಾಡು ಪುಸ್ಕೆಸ್ಮಾಸ್‌ನೊಡನೆ ಮುಗಿದ ಮೇಲೆಯೇ ಮೊದಲ ಶಾಲೆಗೆ ಹೋದೆವು. ಅಂಥ ಏರ್ಪಾಡಿಲ್ಲದೆ ಆ ಪ್ರಶ್ನೆ ಕೇಳುವುದು ಅನ್ಯಾಯ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮದುವೆಯ ಮಾತೂ ಈ ಹಾಳೆಗಳಲ್ಲಿ ಮತ್ತೆ ಮತ್ತೆ ಬಂತು. 2019ರ ತಿದ್ದುಪಡಿ ಹೆಣ್ಣಿನ ಕನಿಷ್ಠ ವಿವಾಹ ವಯಸ್ಸನ್ನು 16ರಿಂದ 19ಕ್ಕೆ ಏರಿಸಿದೆಯಾದರೂ ನ್ಯಾಯಾಲಯದ ವಿನಾಯಿತಿ ಪಡೆದು ಮದುವೆ ಮಾಡುವುದು ನಿಂತಿಲ್ಲ.

ಕಾರ್ಖಾನೆಯ ಭಾಗವೇ ನನ್ನನ್ನು ಹೆಚ್ಚು ಕಲಕಿತು. ಆಡಳಿತದವರು ಅನುಮತಿ ಕೊಟ್ಟರು, ಕೊಠಡಿಯನ್ನೂ ಕೊಟ್ಟರು, ಆದರೆ ಆ ಕೊಠಡಿಯಲ್ಲಿ ಹೆಂಗಸರು ಎಲ್ಲವೂ ಚೆನ್ನಾಗಿದೆ ಎಂದು ಹೇಳಿ ಎದ್ದು ಹೋಗುತ್ತಿದ್ದರು. ಹಾಗಾಗಿ ಸಂದರ್ಶನಗಳನ್ನು ಭಾನುವಾರ ಅವರ ಬಾಡಿಗೆ ಕೋಣೆಗಳಿಗೆ ಒಯ್ದೆವು. ಅಲ್ಲಿ ಬಟ್ಟೆ ಒಗೆಯುತ್ತ, ಅಡುಗೆ ಮಾಡುತ್ತ ಅವರು ಹೇಳಿದ್ದು ಬೇರೆಯೇ ಆಗಿತ್ತು. ಗಂಟೆಗೆ ಇಷ್ಟು ತುಂಡು ಹೊಲಿಯಬೇಕೆಂಬ ಗುರಿಯಿರುವಾಗ ಶೌಚಕ್ಕೆ ಎದ್ದರೆ ಇಡೀ ಸಾಲು ಹಿಂದೆ ಬೀಳುತ್ತದೆ. ಏಳಬಾರದೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ನೀರು ಕಡಿಮೆಯಾಗಿ ಮೂತ್ರ ಕಟ್ಟಿಕೊಂಡರೆ ಸೋಂಕು ಬರಬಹುದು. ಬಸುರಿಯಲ್ಲಿ ಆ ಸೋಂಕಿಗೆ ಚಿಕಿತ್ಸೆಯಾಗದಿದ್ದರೆ ಅವಧಿಗೆ ಮುಂಚಿನ ಹೆರಿಗೆಯ ಅಪಾಯ ಹೆಚ್ಚುತ್ತದೆ. ಗಂಟೆಗೊಂದರಂತೆ ಗುರಿ ನಿಗದಿ ಮಾಡುವವರಿಗೆ ಈ ಸರಪಳಿಯ ಕೊನೆ ಕಾಣುವುದಿಲ್ಲ, ಹೆರಿಗೆ ಮಾಡಿಸುವ ದಾದಿಗೆ ಅದರ ಮೊದಲು ಕಾಣುವುದಿಲ್ಲ. ಮುಟ್ಟಿನ ನೋವಿದ್ದರೆ ಮೊದಲ ಎರಡು ದಿನ ಕೆಲಸಕ್ಕೆ ಬರಬೇಕಾಗಿಲ್ಲ ಎಂದು 2003ರ ಕಾರ್ಮಿಕ ಕಾನೂನು ಹೇಳುತ್ತದೆ. ಅದು ಗೊತ್ತಿದ್ದವರೂ ಕೇಳಲು ಹಿಂಜರಿಯುತ್ತಿದ್ದರು. ಸರಕಾರಿ ನಿಯಮದಂತೆ ಹಾಲೂಡಿಸುವ ಕೊಠಡಿ ಇರಬೇಕು. ಕೊಠಡಿ ಇದ್ದ ಕಡೆಯೂ ಊಟದ ಬಿಡುವಿನಲ್ಲಿ ಅಲ್ಲಿಯವರೆಗೆ ಹೋಗಿ, ಹಾಲು ಹಿಂಡಿ, ಮರಳಲು ಸಮಯ ಸಾಲುತ್ತಿರಲಿಲ್ಲ. 2024ರ ತಾಯಿ ಮತ್ತು ಮಗುವಿನ ಕಲ್ಯಾಣ ಕಾನೂನು ಹೆರಿಗೆ ರಜೆಯನ್ನು ವಿಶೇಷ ಸಂದರ್ಭಗಳಲ್ಲಿ ಆರು ತಿಂಗಳವರೆಗೆ ವಿಸ್ತರಿಸಿರುವುದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಅಲ್ಪಾವಧಿಯ ಗುತ್ತಿಗೆಯಲ್ಲಿರುವವಳಿಗೆ ಬಸಿರು ಕಾಣಿಸಿಕೊಂಡರೆ ಗುತ್ತಿಗೆ ನವೀಕರಣವಾಗುವುದೋ ಇಲ್ಲವೋ ಎಂಬುದೇ ದೊಡ್ಡ ಚಿಂತೆ. ಆ ಚಿಂತೆಯಿಂದ ಬಸಿರನ್ನು ಮುಚ್ಚಿಟ್ಟವರು ದಾದಿಯನ್ನು ಮೊದಲ ಸಲ ಕಾಣುವುದೂ ತಡವಾಗುತ್ತದೆ.

ಫಲಿತಾಂಶಗಳನ್ನು ಹಳ್ಳಿಗಳಿಗೆ ಮರಳಿಸುವಾಗ ನಾವು ದಿನಾಂಕ ನೋಡಿಕೊಂಡೆವು. 2014ರ ಗ್ರಾಮ ಕಾನೂನಿನ ನಂತರ ಅಲ್ಲಿನ ಹಳ್ಳಿಗಳಿಗೆ ಕೇಂದ್ರದಿಂದ ನೇರ ಅನುದಾನ ಬರುತ್ತದೆ, ಅದರ ಖರ್ಚನ್ನು ಊರಿನ ಯೋಜನಾ ಸಭೆ ಚರ್ಚಿಸುತ್ತದೆ. ಆ ಸಭೆ ಮುಗಿದ ಮೇಲೆ ತಲುಪುವ ವರದಿ ಒಂದು ವರ್ಷ ಕಪಾಟಿನಲ್ಲಿರುತ್ತದೆ. ಆದ್ದರಿಂದ ಪ್ರತಿ ಹಳ್ಳಿಗೂ ಅದರದೇ ಅಂಕಿಗಳ ಎರಡು ಪುಟಗಳನ್ನು ಮಾಡಿ, ಸಭೆಗೆ ಮುಂಚೆ ಕಾದರ್‌ಗಳ ಕೈಗೆ ಕೊಟ್ಟೆವು. ಸಭೆಯಲ್ಲಿ ನಾವು ಮಾತಾಡಲಿಲ್ಲ, ಅವರೇ ಮಾತಾಡಿದರು. ಕೆಲವು ಹಳ್ಳಿಗಳಲ್ಲಿ ಹದಿಹರೆಯದವರಿಗಾಗಿ ಪ್ರತ್ಯೇಕ ಪೊಸ್ಯಾಂಡು ನಡೆಸಲು ಹಣ ಸಿಕ್ಕಿತು.

ಇನ್ನೂ ಬಗೆಹರಿಯದ ಪ್ರಶ್ನೆ ಬಾಡಿಗೆ ಕೋಣೆಗಳದ್ದು. ಕಾರ್ಖಾನೆಯ ಬಳಿ ವಾಸಿಸುವವರ ಗುರುತಿನ ಚೀಟಿಯಲ್ಲಿ ತವರಿನ ವಿಳಾಸವಿರುತ್ತದೆ. ಅಲ್ಲಿನ ಪೊಸ್ಯಾಂಡು ಪಟ್ಟಿಯಲ್ಲಿ ಹೆಸರಿದ್ದರೂ ಆಕೆ ಅಲ್ಲಿರುವುದಿಲ್ಲ, ಇಲ್ಲಿದ್ದರೂ ಇಲ್ಲಿಯ ಪಟ್ಟಿಯಲ್ಲಿ ಹೆಸರಿರುವುದಿಲ್ಲ. ಬಸುರಿಯ ಮನೆ ಬಾಗಿಲಿಗೆ ಹೆರಿಗೆಯ ದಿನ, ಜೊತೆಗಾರರು, ವಾಹನ, ರಕ್ತದಾನಿ ಯಾರೆಂದು ಬರೆದ ಚೀಟಿ ಅಂಟಿಸುವ ಒಳ್ಳೆಯ ಪದ್ಧತಿ ಇಂಡೊನೇಷ್ಯಾದಲ್ಲಿದೆ. ಬಾಡಿಗೆ ಕೋಣೆಯ ಬಾಗಿಲುಗಳಲ್ಲಿ ನಾವು ಅದನ್ನು ಕಂಡದ್ದು ವಿರಳ. ಈಗ ಎರಡು ಪುಸ್ಕೆಸ್ಮಾಸ್‌ಗಳ ದಾದಿಯರು ಕೋಣೆಗಳ ಮಾಲಕಿಯರನ್ನೇ ಕಾದರ್‌ಗಳಾಗಿ ತರಬೇತುಗೊಳಿಸುತ್ತಿದ್ದಾರೆ. ಯಾವ ಕೋಣೆಯಲ್ಲಿ ಯಾರು ಬಸುರಿ ಎಂಬುದು ಎಲ್ಲರಿಗಿಂತ ಮೊದಲು ತಿಳಿಯುವುದು ಅವರಿಗೇ. ಆದರೆ ಬಾಡಿಗೆ ವಸೂಲು ಮಾಡುವವಳ ಮುಂದೆ ಬಾಡಿಗೆದಾರಳು ಎಷ್ಟು ಬಿಚ್ಚಿ ಮಾತಾಡಿಯಾಳು ಎಂಬುದನ್ನು ಮುಂದಿನ ಸುತ್ತಿನ ಸಂದರ್ಶನಗಳಲ್ಲಿ ಕೇಳಲಿದ್ದೇವೆ.